ಮೊದಲು ಎಲೆ, ಆಮೇಲೆ ಹೂವು: ಮನೆಯಂಗಳದಲ್ಲಿ ಪಾತರಗಿತ್ತಿ ತೋಟ ಮಾಡುವ ಬಗೆ

ಚಿಟ್ಟೆಗಳಿಗಾಗಿ ತೋಟ ಮಾಡಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಹೋಗುವುದು ನರ್ಸರಿಗೆ, ತರುವುದು ಬಣ್ಣಬಣ್ಣದ ಹೂಗಿಡಗಳನ್ನು. ನಾಲ್ಕಾರು ವಾರ ಚಿಟ್ಟೆಗಳು ಬಂದು ಹೋಗುತ್ತವೆ. ಹೂವು ಬಾಡಿದ ಮೇಲೆ ಅವೂ ಕಾಣುವುದಿಲ್ಲ, ತೋಟ ಮಾಡಿದವರ ಉತ್ಸಾಹವೂ ಉಳಿಯುವುದಿಲ್ಲ. ಹೂವೆಂಬುದು ಚಿಟ್ಟೆಯ ಪಾಲಿಗೆ ದಾರಿಬದಿಯ ಹೋಟೆಲು, ಮಕರಂದ ಹೀರಿ ಅದು ಮುಂದೆ ಹೋಗುತ್ತದೆ. ಒಂದು ಅಂಗಳದಲ್ಲಿ ಅದು ಮನೆ ಮಾಡಬೇಕಾದರೆ ಅದರ ಮರಿಹುಳು ತಿನ್ನುವ ಎಲೆ ಅಲ್ಲಿರಬೇಕು. ಒಂದೊಂದು ಜಾತಿಯ ಚಿಟ್ಟೆಗೂ ತನ್ನ ಮರಿಗೆ ಇಂಥದ್ದೇ ಎಲೆ ಬೇಕೆಂಬ ಹಟವಿದ್ದು, ಆ ಗಿಡ ಸಿಗದಿದ್ದರೆ ಎಷ್ಟೇ ಹೂವಿದ್ದರೂ ಅದು ಅಲ್ಲಿ ಮೊಟ್ಟೆ ಇಡುವುದಿಲ್ಲ. ಆದ್ದರಿಂದ ಈ ಲೇಖನದಲ್ಲಿ ಎಲೆಯ ಮಾತು ಮೊದಲು ಬರುತ್ತದೆ, ಹೂವಿನದು ಆಮೇಲೆ.

ಈ ಪಾಠವನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಕುಂಡದಲ್ಲಿದ್ದ ನಿಂಬೆ ಗಿಡದ ಚಿಗುರೆಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಕಂದು ಬಿಳಿ ಚುಕ್ಕೆಗಳಿದ್ದವು. ಕಡ್ಡಿಯಿಂದ ತಟ್ಟಿದಾಗ ಅವು ಅಲುಗಾಡಿದವು. ಹುಳುವೆಂದು ತಿಳಿದ ಕೂಡಲೇ ಎಲ್ಲವನ್ನೂ ಕಿತ್ತು ಬಿಸಾಡಿ, ಬೇವಿನ ಎಣ್ಣೆ ಸಿಂಪಡಿಸಿ, ಅದೇ ವಾರ ಚಿಟ್ಟೆಗಳಿಗೆಂದು ಹೊಸ ಹೂಗಿಡ ತಂದಿಟ್ಟೆ. ಬಿಸಾಡಿದ್ದು ಚಿಟ್ಟೆಯ ಮರಿಗಳನ್ನೇ ಎಂದು ಗೊತ್ತಾದದ್ದು ಮರುವರ್ಷ.

ಜಾಗವನ್ನು ನೋಡಿಕೊಳ್ಳುವುದು

ಚಿಟ್ಟೆ ತನ್ನ ಮೈಯನ್ನು ಬಿಸಿಲಿನಲ್ಲಿ ಕಾಯಿಸಿಕೊಂಡ ಮೇಲೆಯೇ ಹಾರಬಲ್ಲದು. ಆದ್ದರಿಂದ ದಿನಕ್ಕೆ ಐದಾರು ಗಂಟೆ, ಅದರಲ್ಲೂ ಬೆಳಗಿನ ಬಿಸಿಲು ಬೀಳುವ ಜಾಗವನ್ನು ಆರಿಸಿಕೊಳ್ಳಬೇಕು. ಬೆಂಗಳೂರು, ಮೈಸೂರುಗಳ ಮೂವತ್ತು ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿದ ಮೇಲೆ ಉಳಿಯುವುದು ಕಾಂಪೌಂಡಿನ ಪಕ್ಕದ ಮೂರು ನಾಲ್ಕು ಅಡಿಯ ಪಟ್ಟಿ ಮತ್ತು ತಾರಸಿ ಮಾತ್ರ; ಆದರೂ ಸಾಕು. ತಾರಸಿಯಲ್ಲಾದರೆ ಗಾಳಿಯದೇ ದೊಡ್ಡ ತೊಂದರೆ. ಗಾಳಿ ಬೀಸುವ ಕಡೆಗೆ ಎತ್ತರದ ಗಿಡಗಳ ಸಾಲು ಅಥವಾ ಬಳ್ಳಿ ಹಬ್ಬಿಸಿದ ಜಾಲರಿಯನ್ನು ನಿಲ್ಲಿಸಿ, ಅದರ ಮರೆಯಲ್ಲಿ ಹೂಗಿಡಗಳನ್ನಿಟ್ಟರೆ ಚಿಟ್ಟೆಗಳು ನೆಮ್ಮದಿಯಾಗಿ ಕೂರುತ್ತವೆ.

ಕುಂಡಗಳಿಗೆ ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಮರಳನ್ನು ಸಮಪಾಲಿನಲ್ಲಿ ಬೆರೆಸಿದರೆ ಸಾಕು. ನೆಡುವ ಕೆಲಸಕ್ಕೆ ಜೂನ್ ತಿಂಗಳ ಮೊದಲ ಮಳೆಗಳು ಬಿದ್ದ ನಂತರದ ದಿನಗಳು ಒಳ್ಳೆಯವು. ಆಗ ನೆಟ್ಟ ಗಿಡ ಮಳೆಗಾಲದಲ್ಲಿ ಬೇರೂರಿ, ಚಿಟ್ಟೆಗಳು ಹೆಚ್ಚಾಗಿ ಕಾಣುವ ಆಗಸ್ಟ್‌ನಿಂದ ನವೆಂಬರ್‌ವರೆಗಿನ ಕಾಲಕ್ಕೆ ಎಲೆ ತುಂಬಿಕೊಂಡಿರುತ್ತದೆ.

ಎಲೆಯ ಗಿಡಗಳು

ಮೊದಲು ಮನೆಯಲ್ಲಿ ಈಗಾಗಲೇ ಏನಿದೆ ಎಂದು ನೋಡಿ. ಕರಿಬೇವಿದ್ದರೆ ಅರ್ಧ ಕೆಲಸ ಮುಗಿದಂತೆಯೇ. ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆಯೂ ಲೈಮ್ ಎಂಬ ಹಳದಿ ಕಪ್ಪು ಮಚ್ಚೆಯ ಚಿಟ್ಟೆಯೂ ಕರಿಬೇವೂ ಸೇರಿದಂತೆ ನಿಂಬೆಯ ಕುಟುಂಬದ ಗಿಡಗಳ ಚಿಗುರಿನ ಮೇಲೆ ಒಂದೊಂದಾಗಿ, ಸಾಸಿವೆಗಿಂತ ಚಿಕ್ಕದಾದ ತಿಳಿಹಳದಿ ಮೊಟ್ಟೆಗಳನ್ನಿಡುತ್ತವೆ. ನಾಲ್ಕಾರು ದಿನಗಳಲ್ಲಿ ಹೊರಬರುವ ಮರಿ ಮೊದಮೊದಲು ಹಿಕ್ಕೆಯ ವೇಷದಲ್ಲಿದ್ದು ಹಕ್ಕಿಗಳ ಕಣ್ಣು ತಪ್ಪಿಸುತ್ತದೆ. ಕೊನೆಯ ಬಾರಿ ಪೊರೆ ಬಿಟ್ಟ ಮೇಲೆ ಎಲೆಯಷ್ಟೇ ಹಸಿರಾಗುತ್ತದೆ. ಆಗ ಅದರ ಬೆನ್ನನ್ನು ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂಬದಿಯಿಂದ ಹಾವಿನ ನಾಲಗೆಯಂಥ ಕವಲೊಡೆದ ಕೆಂಪಾದ ಅಂಗವೊಂದನ್ನು ಹೊರಚಾಚಿ, ಮೂಗಿಗೆ ಬಡಿಯುವ ವಾಸನೆ ಬಿಡುತ್ತದೆ. ಕಚ್ಚುವುದಿಲ್ಲ, ಮೈ ತುರಿಸುವುದೂ ಇಲ್ಲ. ಮುಂದೆ ಅದು ಕಡ್ಡಿಯೊಂದಕ್ಕೆ ಬಾಲದ ತುದಿಯನ್ನು ಅಂಟಿಸಿಕೊಂಡು, ಸೊಂಟಕ್ಕೊಂದು ರೇಷ್ಮೆಯ ಎಳೆ ಬಿಗಿದುಕೊಂಡು ಕೋಶವಾಗುತ್ತದೆ. ಮೊಟ್ಟೆಯಿಂದ ಚಿಟ್ಟೆಯವರೆಗೆ ಸುಮಾರು ಒಂದು ತಿಂಗಳು ಹಿಡಿಯುತ್ತದೆ.

ಎರಡಡಿಯ ಕರಿಬೇವಿನ ಸಸಿಯನ್ನು ಐದಾರು ಹುಳುಗಳು ಸೇರಿ ಬೋಳಿಸಿಬಿಡಬಲ್ಲವು. ಹಾಗಾದಾಗ ಒಗ್ಗರಣೆಗೆ ಎಲೆಯಿಲ್ಲವೆಂದು ಅಡುಗೆಮನೆಯಿಂದ ದೂರು ಬರುವುದು ಸಹಜ. ಅಡುಗೆಗೆ ಒಂದು, ಚಿಟ್ಟೆಗೆ ಎರಡು ಎಂದು ಮೂರು ಸಸಿ ನೆಟ್ಟು, ಅಡುಗೆಯ ಗಿಡದಲ್ಲಿ ಕಂಡ ಹುಳುವನ್ನು ಎಲೆಯ ಸಮೇತ ಕಿತ್ತು ಉಳಿದೆರಡರ ಮೇಲೆ ಇಡುವುದು ನಮ್ಮ ಮನೆಯ ಕ್ರಮ. ಬೋಳಾದ ಗಿಡ ಕೆಲವೇ ವಾರಗಳಲ್ಲಿ ಮತ್ತೆ ಚಿಗುರುತ್ತದೆ.

ಕರಿಬೇವಿಗೆ ಜೊತೆಯಾಗಿ ಈಶ್ವರಿ ಬಳ್ಳಿಯನ್ನು ಹಬ್ಬಿಸಲು ಸಾಧ್ಯವಾದರೆ ತೋಟಕ್ಕೊಂದು ನಾಟಕವೇ ಬಂದಂತಾಗುತ್ತದೆ. ಕಾಮನ್ ರೋಸ್ ಮತ್ತು ಕ್ರಿಮ್ಸನ್ ರೋಸ್ ಎಂಬ ಚಿಟ್ಟೆಗಳ ಮರಿಗಳು ಈ ಬಳ್ಳಿಯ ವಿಷವನ್ನು ತಿಂದು ಮೈಯಲ್ಲಿ ಉಳಿಸಿಕೊಳ್ಳುವುದರಿಂದ ಹಕ್ಕಿಗಳು ಅವುಗಳನ್ನು ಮುಟ್ಟುವುದಿಲ್ಲ. ಕರಿಬೇವಿನ ಮೇಲೆ ಬೆಳೆದ ಕಾಮನ್ ಮಾರ್ಮನ್ ಚಿಟ್ಟೆಗೆ ಅಂಥ ವಿಷವಿಲ್ಲ. ಆದರೆ ಅದರ ಹೆಣ್ಣುಗಳಲ್ಲಿ ಕೆಲವು ಕಾಮನ್ ರೋಸ್‌ನಂತೆ, ಕೆಲವು ಕ್ರಿಮ್ಸನ್ ರೋಸ್‌ನಂತೆ ವೇಷ ಹಾಕಿಕೊಂಡು ಬದುಕುತ್ತವೆ. ಗುರುತಿಸುವ ಉಪಾಯ ಸುಲಭ: ರೋಸ್‌ಗಳ ಹೊಟ್ಟೆ ಕೆಂಪು, ವೇಷಧಾರಿಯ ಹೊಟ್ಟೆ ಕಪ್ಪು. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಕೂಡ ಇದೇ ಬಳ್ಳಿಯ ಕುಟುಂಬವನ್ನು ನಂಬಿಕೊಂಡಿದೆ. ಮಲೆನಾಡು, ಕರಾವಳಿಯವರು ಅದನ್ನು ನಿರೀಕ್ಷಿಸಬಹುದು, ಬಯಲುಸೀಮೆಯವರು ರೋಸ್‌ಗಳಲ್ಲೇ ತೃಪ್ತಿಪಡಬೇಕು. ಎರಡು ಎಚ್ಚರಿಕೆಗಳನ್ನು ಇಲ್ಲಿ ಹೇಳಲೇಬೇಕು. ಈ ಬಳ್ಳಿಯಲ್ಲಿರುವ ಅರಿಸ್ಟೊಲೊಕಿಕ್ ಆಮ್ಲ ಮೂತ್ರಪಿಂಡವನ್ನು ಕೆಡಿಸುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ. ಯಾರೋ ಹೇಳಿದರೆಂದು ಇದರ ಬೇರನ್ನೋ ಎಲೆಯನ್ನೋ ಔಷಧಿಯಾಗಿ ಸೇವಿಸಬಾರದು. ಎರಡನೆಯದಾಗಿ, ಅಲಂಕಾರಕ್ಕೆಂದು ಮಾರುವ, ದೊಡ್ಡ ಕಂದು ಹೂಬಿಡುವ ಅರಿಸ್ಟೊಲೊಕಿಯಾ ಎಂಬ ಇದೇ ಕುಲದ ವಿದೇಶಿ ಬಳ್ಳಿಯನ್ನು ತರಬೇಡಿ. ಆಸ್ಟ್ರೇಲಿಯಾದಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ಚಿಟ್ಟೆ ಅದರ ಮೇಲೆ ಮೋಸಹೋಗಿ ಮೊಟ್ಟೆಯಿಟ್ಟು, ಮರಿಗಳು ಎಲೆ ತಿಂದು ಸಾಯುವುದು ಅಲ್ಲಿನವರಿಗೆ ದೊಡ್ಡ ತಲೆನೋವಾಗಿದೆ.

ಉಳಿದವುಗಳನ್ನು ಜಾಗ ನೋಡಿ ಆರಿಸಿಕೊಳ್ಳಬಹುದು. ಖಾಲಿ ಸೈಟಿನ ಮೂಲೆಯ ಎಕ್ಕದ ಗಿಡ ಪ್ಲೇನ್ ಟೈಗರ್ ಚಿಟ್ಟೆಯ ತವರು. ಅದರ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಬೇಕು. ಕಕ್ಕೆ, ತಂಗಡಿ ಗಿಡಗಳಿಗೆ ಎಮಿಗ್ರಂಟ್ ಎಂಬ ತಿಳಿಹಸಿರು ಛಾಯೆಯ ಚಿಟ್ಟೆಗಳು ಬರುತ್ತವೆ. ಸಾಲಾಗಿ ನೆಟ್ಟಿರುವ ಕಂಬದ ಅಶೋಕ, ಸಂಪಿಗೆ, ಸೀತಾಫಲದ ಜಾತಿಯ ಮರಗಳಿದ್ದರೆ ಟೇಲ್ಡ್ ಜೇ ಎಂಬ ಹಸಿರು ಮಚ್ಚೆಯ ಚಿಟ್ಟೆ ಬರುತ್ತದೆ. ಅದು ಹೂವಿನ ಮೇಲಿರುವಾಗಲೂ ರೆಕ್ಕೆ ಬಡಿಯುವುದನ್ನು ನಿಲ್ಲಿಸದ ಚಡಪಡಿಕೆಯ ಜೀವ. ಮಾವಿನ ಮರವಿದ್ದರೆ ಬ್ಯಾರನ್, ಆ ಮಾವಿನ ಮೇಲೆ ಬಂದಳಿಕೆ ಇದ್ದರೆ ಜೆಜೆಬೆಲ್. ಬಾಲ್ಕನಿಯೊಂದೇ ಇರುವವರಿಗೆ ನನ್ನ ಸಲಹೆ ಕಾಡುಬಸಳೆ. ಎಲೆಯನ್ನು ಮಣ್ಣಿನ ಮೇಲಿಟ್ಟರೂ ಬೆಳೆಯುವ ಈ ಗಿಡಕ್ಕೆ ರೆಡ್ ಪಿಯರೋ ಎಂಬ ಕಿತ್ತಳೆ, ಬಿಳಿ, ಕಪ್ಪು ಬಣ್ಣದ ಪುಟ್ಟ ಚಿಟ್ಟೆ ಬರುತ್ತದೆ. ಅದರ ಮರಿ ದಪ್ಪ ಎಲೆಯ ಒಳಗೇ ಸೇರಿಕೊಂಡು, ಮೇಲಿನ ಕೆಳಗಿನ ಸಿಪ್ಪೆಯನ್ನು ಬಿಟ್ಟು ನಡುವಿನ ತಿರುಳನ್ನು ತಿನ್ನುತ್ತದೆ.

ತಾನಾಗಿ ಹುಟ್ಟುವ ಕಳೆಗಳನ್ನು ಪೂರ್ತಿಯಾಗಿ ಕಿತ್ತುಹಾಕದಿರುವುದೂ ಒಂದು ಬಗೆಯ ನೆಡುವಿಕೆಯೇ. ಮೊದಲ ಮಳೆಗೆ ಎದ್ದುಬರುವ ಚಗಟೆ ಗಿಡ ಗ್ರಾಸ್ ಯೆಲ್ಲೊ ಎಂಬ ಹಳದಿ ಚಿಟ್ಟೆಗಳ ಆಹಾರ. ಕರಾವಳಿಯವರಿಗೆ ಆಟಿ ತಿಂಗಳಿನಲ್ಲಿ ಅದೇ ಸೊಪ್ಪಿನ ಅಂಬಡೆ ಬೇಕು. ಎರಡಕ್ಕೂ ಆಗುವಷ್ಟು ಬೆಳೆಯುತ್ತದೆ. ಒಂದು ಚದರ ಗಜದಷ್ಟು ಹುಲ್ಲನ್ನು ಕತ್ತರಿಸದೆ ಬಿಟ್ಟರೆ ಈವ್ನಿಂಗ್ ಬ್ರೌನ್‌ನಂಥ ಕಂದು ಚಿಟ್ಟೆಗಳಿಗೆ ಆಸರೆಯಾಗುತ್ತದೆ.

ಹೂವಿನ ಗಿಡಗಳು

ಹೂಗಳನ್ನು ಆರಿಸುವಾಗ ಸಾಲಿಗೊಂದರಂತೆ ಹತ್ತು ಬಗೆ ನೆಡುವುದಕ್ಕಿಂತ ಒಂದೇ ಬಗೆಯ ನಾಲ್ಕೈದು ಗಿಡಗಳನ್ನು ಒತ್ತಾಗಿ ನೆಡುವುದು ಮೇಲು. ದೂರದಿಂದ ಹಾರುವ ಚಿಟ್ಟೆಗೆ ಬಣ್ಣದ ಗುಂಪು ಬೇಗ ಕಾಣುತ್ತದೆ. ಕೆಂಪು ಕೇಪಳ, ರತ್ನಗಂಧಿ, ಕೃಷ್ಣಕಿರೀಟವೆಂದೂ ಕರೆಯುವ ರಥಪುಷ್ಪ, ನಿತ್ಯಪುಷ್ಪ ಇವು ನಮ್ಮ ಹವೆಗೆ ಒಗ್ಗಿದ, ಹೆಚ್ಚು ಆರೈಕೆ ಬೇಡದ ಗಿಡಗಳು. ಉದ್ದನೆಯ ಕೊಳವೆಯಂಥ ಹೂಗಳ ತಳದಲ್ಲಿರುವ ಮಕರಂದಕ್ಕೆ ದೊಡ್ಡ ಚಿಟ್ಟೆಗಳ ಸೊಂಡಿಲೇ ತಕ್ಕುದು. ಚಿಕ್ಕ ಚಿಟ್ಟೆಗಳಿಗೂ ಜೇನುಗಳಿಗೂ ತುಂಬೆ, ತುಳಸಿ, ಕಾಮಕಸ್ತೂರಿ, ಕಾಸ್ಮಾಸ್, ಜಿನಿಯಾ ಬೇಕು. ಚೆಂಡುಹೂವು, ದಾಸವಾಳಗಳಲ್ಲಿ ಸುತ್ತುಸುತ್ತಾಗಿ ದಳಗಳು ತುಂಬಿದ ಜಾತಿಗಿಂತ ಒಂಟಿಸುತ್ತಿನ ಹಳೆಯ ಜಾತಿಯನ್ನೇ ಆರಿಸಿ. ದಳಗಳನ್ನು ಹೆಚ್ಚಿಸಲು ಹೋಗಿ ಕೇಸರಗಳೇ ದಳಗಳಾಗಿ ಮಾರ್ಪಟ್ಟ ಹೂವಿನಲ್ಲಿ ಕೀಟಕ್ಕೆ ಸಿಗುವುದು ಅಷ್ಟಕ್ಕಷ್ಟೇ.

ಲಂಟಾನವನ್ನು ಮಾತ್ರ ನೆಡಬೇಡಿ. ಅದರ ಹೂವಿಗೆ ಚಿಟ್ಟೆಗಳು ಮುಗಿಬೀಳುವುದು ನಿಜ. ಆದರೆ 19ನೇ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ದೇಶಕ್ಕೆ ಬಂದ ಅದು ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳ ನೆಲವನ್ನು ಆವರಿಸಿ, ಸ್ಥಳೀಯ ಗಿಡಗಳಿಗೆ ಎಡೆಯಿಲ್ಲದಂತೆ ಮಾಡಿದೆ. ಹಕ್ಕಿಗಳು ಅದರ ಹಣ್ಣು ತಿಂದು ಬೀಜವನ್ನು ಎಲ್ಲಿಗೆ ಬೇಕಾದರೂ ಒಯ್ಯುತ್ತವೆ.

ಸಾಧ್ಯವಾದರೆ ಒಂದು ಹಿಡಿ ಅಪ್ಸೆಣಬಿನ ಬೀಜವನ್ನೂ ಬಿತ್ತಿ. ರೈತರು ಹಸಿರೆಲೆ ಗೊಬ್ಬರಕ್ಕೆ ಬೆಳೆಯುವ ಇದೂ, ಕಾಯಿ ಒಣಗಿದಾಗ ಗಿಲಕಿಯಂತೆ ಸದ್ದು ಮಾಡುವ ಇದರ ಕಾಡು ಬಂಧುಗಳೂ ಹೂವಿಗಿಂತ ಬೇರೊಂದು ಕಾರಣಕ್ಕೆ ಬೇಕಾದವು. ಬ್ಲೂ ಟೈಗರ್, ಕ್ರೋ ಜಾತಿಯ ಗಂಡು ಚಿಟ್ಟೆಗಳು ಇವುಗಳ ಒಣಗಿದ ಅಥವಾ ಗಾಯಗೊಂಡ ಭಾಗಗಳನ್ನು ಕೆರೆದು ರಸ ಹೀರಿ, ಅದರಲ್ಲಿನ ಕ್ಷಾರಪದಾರ್ಥದಿಂದ ಹೆಣ್ಣನ್ನು ಒಲಿಸುವ ಗಂಧವನ್ನು ತಯಾರಿಸಿಕೊಳ್ಳುತ್ತವೆ. ಈ ಚಿಟ್ಟೆಗಳು ಮುಂಗಾರಿಗೆ ಮುನ್ನ ಪಶ್ಚಿಮ ಘಟ್ಟದಿಂದ ಪೂರ್ವದ ಬಯಲಿನತ್ತ ಸಾವಿರಾರು ಸಂಖ್ಯೆಯಲ್ಲಿ ವಲಸೆ ಹೋಗುತ್ತವೆ, ಮಳೆಗಾಲ ಮುಗಿದ ಮೇಲೆ ಹಿಂದಿರುಗುತ್ತವೆ. ದಾರಿಯಲ್ಲಿರುವ ಬೆಂಗಳೂರಿನ ತಾರಸಿಯ ಒಂದು ಕುಂಡದ ಮೇಲೂ ಅವು ಇಳಿದಾವು.

ಜೇನು, ದುಂಬಿ ಮತ್ತು ಗೂಡು

ಪರಾಗಸ್ಪರ್ಶವೆಂದ ಕೂಡಲೇ ಹೆಜ್ಜೇನು, ತುಡುವೆಗಳು ನೆನಪಾಗುತ್ತವೆ. ಮನೆ ತೋಟದಲ್ಲಿ ಒಂಟಿಯಾಗಿ ಬದುಕುವ ಜೇನುಗಳೂ ಅಷ್ಟೇ ಕೆಲಸ ಮಾಡುತ್ತವೆ, ಅವುಗಳ ಹೆಸರು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಟೊಮೆಟೊ, ಬದನೆ ಹೂಗಳ ಪರಾಗ ಕೇಸರದ ತುದಿಯ ಸಣ್ಣ ರಂಧ್ರದಿಂದಲೇ ಉದುರಬೇಕು. ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಜೇನು ಮತ್ತು ಕಪ್ಪಗೆ ದಪ್ಪಗಿರುವ ಬಡಗಿ ದುಂಬಿ ಹೂವನ್ನು ತಬ್ಬಿ, ರೆಕ್ಕೆಯ ಸ್ನಾಯುಗಳನ್ನು ಅದುರಿಸಿ, ಝುಂ ಎಂದು ಸದ್ದು ಮಾಡುತ್ತ ಆ ಪರಾಗವನ್ನು ಉದುರಿಸುತ್ತವೆ. ಈ ವಿದ್ಯೆ ತುಡುವೆಗೆ ಬಾರದು. ಬದನೆ ಗಿಡದ ಪಕ್ಕ ಬೆಳಿಗ್ಗೆ ಹತ್ತು ನಿಮಿಷ ನಿಂತರೆ ಆ ಸದ್ದು ಕಿವಿಗೆ ಬೀಳುತ್ತದೆ.

ಇವುಗಳಿಗೆ ಬೇಕಾದ ಮನೆ ಬಹಳ ಸರಳ. ನೀಲಿ ಪಟ್ಟೆಯ ಜೇನಿಗೆ ಸಿಮೆಂಟು ಬಳಿಯದ, ಮಳೆ ತಾಗದ ಒಂದಿಷ್ಟು ಮಣ್ಣು ಅಥವಾ ಮಣ್ಣಿನ ಗೋಡೆ. ಬಡಗಿ ದುಂಬಿಗೆ ಒಣಗಿದ ಮರದ ತುಂಡು ಅಥವಾ ಬಿದಿರಿನ ಬೊಂಬು. ಗುಲಾಬಿಯ ಎಲೆಯಲ್ಲಿ ಕತ್ತರಿಯಿಂದ ಕತ್ತರಿಸಿದಂತೆ ಅರ್ಧಚಂದ್ರದ ತೂತುಗಳು ಕಂಡರೆ ರೋಗವೆಂದು ಗಾಬರಿಯಾಗಬೇಡಿ, ಅದು ಎಲೆ ಕತ್ತರಿಸುವ ಜೇನು ತನ್ನ ಗೂಡಿನ ಕೋಣೆಗಳಿಗೆ ಒಯ್ದ ಎಲೆ. ಅದಕ್ಕಾಗಿ ಆರರಿಂದ ಹತ್ತು ಮಿಲಿಮೀಟರ್ ಒಳ ಅಗಲದ, ಗೇಣುದ್ದದ ಬಿದಿರಿನ ಕೊಳವೆಗಳನ್ನು ಹಿಂಬದಿಯಲ್ಲಿ ಗಂಟು ಉಳಿಯುವಂತೆ ಕತ್ತರಿಸಿ, ಬಾಯಿಯ ಅಂಚನ್ನು ಉಜ್ಜಿ ನಯಗೊಳಿಸಿ, ಹತ್ತು ಹನ್ನೆರಡನ್ನು ಕಟ್ಟಾಗಿ ಕಟ್ಟಿ, ಮಳೆ ಬೀಳದ ಸೂರಿನ ಕೆಳಗೆ ಪೂರ್ವಕ್ಕೆ ಮುಖಮಾಡಿ ತೂಗುಹಾಕಬೇಕು. ಕಟ್ಟು ಗಾಳಿಗೆ ಅಲುಗಾಡಬಾರದು. ಮುಜಂಟಿ ಅಥವಾ ಮಿಸರಿ ಎನ್ನುವ ಕುಟುಕದ ಜೇನು ಗೋಡೆಯ ಸಂದಿನಲ್ಲಿ ಮನೆ ಮಾಡಿದ್ದರೆ ಆ ಸಂದನ್ನು ಸಿಮೆಂಟಿನಿಂದ ಮುಚ್ಚದೆ ಬಿಡುವುದೇ ಅದಕ್ಕೆ ಮಾಡಬಹುದಾದ ಉಪಕಾರ.

ಮನೆಯಲ್ಲಿ ಮಕ್ಕಳಿದ್ದರೆ ಈ ಬಿದಿರಿನ ಕಟ್ಟನ್ನೇ ಕಿನ್ನರಿಯ ಮನೆಯಾಗಿ ಮಾಡಿಕೊಡಬಹುದು. ಅಂಗಡಿಯಲ್ಲಿ ಸಿಗುವ ಮಿನುಗುಪುಡಿ ಬಳಿದ ಪ್ಲಾಸ್ಟಿಕ್ ಮನೆಗಳು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಸವಾಗುತ್ತವೆ. ಒಡೆದ ಕುಂಡದ ಚೂರಿನಿಂದ ಮೆಟ್ಟಿಲು, ತೆಂಗಿನ ಚಿಪ್ಪಿನಿಂದ ಚಾವಣಿ, ನಡುವೆ ಬಿದಿರಿನ ಕೊಳವೆಗಳ ಕಿಟಕಿಗಳು ಎಂದು ಮಕ್ಕಳ ಕೈಯಲ್ಲೇ ಕಟ್ಟಿಸಿ. ಪಾತರಗಿತ್ತಿ ಎಂಬ ಮಾತಿನಲ್ಲಿಯೇ ಕುಣಿಯುವ ಹೆಣ್ಣೊಬ್ಬಳಿದ್ದಾಳೆ. ಕಿನ್ನರಿಯ ಮನೆಗೆ ಯಾರು ಬಂದರು ಎಂದು ಮಕ್ಕಳು ಕೇಳಿದರೆ ಕಿಟಕಿಯೊಂದನ್ನು ಹಸಿರೆಲೆಯಿಂದ ಮುಚ್ಚಿ ಹೋದ ಜೇನನ್ನು ತೋರಿಸಬಹುದು.

ಕೆಸರು, ಹಣ್ಣು, ಕತ್ತಲು

ಗಂಡು ಚಿಟ್ಟೆಗಳು ಒದ್ದೆ ಮಣ್ಣಿನ ಮೇಲೆ ಗುಂಪುಗೂಡಿ ಲವಣ ಹೀರುತ್ತವೆ. ಅಗಲವಾದ ಮಣ್ಣಿನ ತಟ್ಟೆಯಲ್ಲಿ ಮರಳು, ಸ್ವಲ್ಪ ಸಗಣಿ, ಒಂದು ಚಿಟಿಕೆ ಉಪ್ಪು ಬೆರೆಸಿ, ನೀರು ಮೇಲೆ ನಿಲ್ಲದಷ್ಟು ಮಾತ್ರ ನೆನೆಸಿಟ್ಟರೆ ಸಾಕು; ನೀರು ನಿಂತರೆ ಸೊಳ್ಳೆಯ ಮರಿಗಳಾಗುತ್ತವೆ. ಜೇನುಗಳಿಗೆ ಕುಡಿಯಲು ಬೇರೆ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ ನೀರಿಟ್ಟು, ಎರಡು ದಿನಕ್ಕೊಮ್ಮೆ ಬದಲಿಸಬೇಕು. ಬ್ಯಾರನ್, ಈವ್ನಿಂಗ್ ಬ್ರೌನ್ ಮೊದಲಾದವು ಹೂವಿನತ್ತ ಅಷ್ಟಾಗಿ ತಿರುಗುವುದಿಲ್ಲ. ಕಪ್ಪಾದ ಬಾಳೆಹಣ್ಣು, ಹಲಸಿನ ಉಳಿದ ತೊಳೆಗಳನ್ನು ಮರದ ನೆರಳಿನಲ್ಲಿಟ್ಟರೆ ಅವು ಬರುತ್ತವೆ. ಇರುವೆ ಹತ್ತದಂತೆ ನೀರು ತುಂಬಿದ ಬಟ್ಟಲಿನ ನಡುವೆ ತಟ್ಟೆಯನ್ನಿಡಿ.

ಸಂಜೆಯ ಪಾಳಿ ಪತಂಗಗಳದು. ಪಾರಿಜಾತ, ಸುಗಂಧರಾಜ, ಸಂಜೆಮಲ್ಲಿಗೆ, ಹಿತ್ತಲಿನ ಸೋರೆಬಳ್ಳಿ ಇವೆಲ್ಲ ಬೆಳಕು ಇಳಿದ ಮೇಲೆ ಅರಳುವ ಹೂಗಳು. ನಂದಿಬಟ್ಟಲು ಅಥವಾ ಕಣಗಿಲೆಯ ಮೇಲೆ ಬೆರಳುದ್ದದ ಹಸಿರು ಹುಳುವೊಂದು, ಕತ್ತಿನ ಬಳಿ ಎರಡು ನೀಲಿ ಕಣ್ಣುಗಳಂಥ ಮಚ್ಚೆ ಹೊತ್ತು ಕುಳಿತಿದ್ದರೆ ಹೆದರಬೇಡಿ. ಆ ಮಚ್ಚೆಗಳು ಕಣ್ಣುಗಳಲ್ಲ, ಹಕ್ಕಿಗಳನ್ನು ಬೆದರಿಸುವ ಬಣ್ಣ ಮಾತ್ರ. ಅದು ಹಸಿರು ಮತ್ತು ನಸುಗೆಂಪು ಗೆರೆಗಳ ಓಲಿಯಾಂಡರ್ ಹಾಕ್ ಪತಂಗದ ಮರಿ. ಅದು ಕೋಶವಾಗುವುದು ನೆಲದ ತರಗೆಲೆಯ ನಡುವೆ. ಹಾಗಾಗಿ ಗಿಡದ ಬುಡವನ್ನು ದಿನವೂ ಗುಡಿಸಿ ಕನ್ನಡಿಯಂತೆ ಇಟ್ಟುಕೊಳ್ಳುವ ಅಭ್ಯಾಸವನ್ನು ಆ ಒಂದು ಮೂಲೆಯಲ್ಲಾದರೂ ಬಿಡಬೇಕಾಗುತ್ತದೆ. ತೋಟದ ಮೇಲೆ ರಾತ್ರಿಯಿಡೀ ಉರಿಯುವ ಬಿಳಿಯ ದೀಪವನ್ನೂ ಆರಿಸಿ, ಪತಂಗಗಳು ಹೂ ಬಿಟ್ಟು ಅದನ್ನೇ ಸುತ್ತಿ ದಣಿಯುತ್ತವೆ.

ಔಷಧಿಯ ವಿಷಯ

ಈ ತೋಟಕ್ಕೆ ಕೀಟನಾಶಕ ಸಲ್ಲದು. ಸಾವಯವ ಎಂಬ ಚೀಟಿ ಅಂಟಿಸಿದ್ದರೂ ಬೇವಿನ ಎಣ್ಣೆ ಮರಿಹುಳುಗಳಿಗೆ ಹಾನಿಯೇ. ಬಿಟಿ ಎಂಬ ಬ್ಯಾಕ್ಟೀರಿಯಾದ ಪುಡಿಯಂತೂ ಮರಿಹುಳುಗಳನ್ನು ಕೊಲ್ಲಲೆಂದೇ ಇರುವಂಥದು. ಎಕ್ಕದ ಚಿಗುರಿನಲ್ಲಿ ಹಳದಿ ಹೇನುಗಳು ಕಿಕ್ಕಿರಿದರೆ ಪೈಪಿನ ನೀರಿನಿಂದ ತೊಳೆಯಿರಿ, ಇಲ್ಲವೇ ಗುಲಗಂಜಿ ಹುಳುಗಳು ಬಂದು ತಿನ್ನುವವರೆಗೆ ಕಾಯಿರಿ. ನರ್ಸರಿಯಿಂದ ತಂದ ಗಿಡಗಳಿಗೆ ಅಲ್ಲಿ ಔಷಧಿ ಹೊಡೆದಿರುವ ಸಾಧ್ಯತೆ ಹೆಚ್ಚು. ಕೆಲವು ಔಷಧಿಗಳು ಗಿಡದ ರಸದಲ್ಲೇ ಸೇರಿ ಮಕರಂದದವರೆಗೂ ಹೋಗುತ್ತವೆ. ಆದ್ದರಿಂದ ಕೊಳ್ಳುವಾಗ ಹುಳು ತಿಂದ ಎಲೆಯಿರುವ ಗಿಡವನ್ನೇ ಕೇಳಿ ತೆಗೆದುಕೊಳ್ಳಿ. ಮಾರುವವರು ಅಚ್ಚರಿಯಿಂದ ನೋಡಿ ಬೆಲೆ ಇಳಿಸುವುದೂ ಉಂಟು.

ಓತಿಕ್ಯಾತ, ಇರುವೆ, ಜೇಡ, ಮೊಟ್ಟೆಯೊಳಗೆ ಮೊಟ್ಟೆಯಿಡುವ ಸಣ್ಣ ಕಣಜಗಳು ಇವೆಲ್ಲ ಸೇರಿ ಹೆಚ್ಚಿನ ಮೊಟ್ಟೆ, ಮರಿಗಳನ್ನು ಮುಗಿಸುತ್ತವೆ. ಅದನ್ನು ತಡೆಯಲು ಹುಳುಗಳನ್ನೆಲ್ಲ ಡಬ್ಬಿಯಲ್ಲಿ ಸಾಕುವವರಿದ್ದಾರೆ. ಮಕ್ಕಳಿಗೆ ತೋರಿಸಲು ಒಂದೆರಡನ್ನು ಸಾಕುವುದು ಸರಿ, ಮಿಕ್ಕವನ್ನು ಗಿಡದಲ್ಲೇ ಬಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಮರಿಹುಳುವೂ ತೋಟದ ಹಕ್ಕಿಗೆ ಊಟವೇ.

ಯಾವ ಗಿಡಕ್ಕೆ ಯಾವ ಚಿಟ್ಟೆ ಎಂಬುದನ್ನು ಕಣ್ಣಾರೆ ನೋಡಿ ಕಲಿಯಬೇಕೆನ್ನುವವರು 2006ರಲ್ಲಿ ಆರಂಭವಾದ ಬನ್ನೇರುಘಟ್ಟದ ಚಿಟ್ಟೆ ಉದ್ಯಾನಕ್ಕೋ ಮೂಡುಬಿದಿರೆ ಬಳಿಯ ಬೆಳ್ವಾಯಿಯ ಚಿಟ್ಟೆ ಪಾರ್ಕಿಗೋ ಮಳೆಗಾಲದ ಕೊನೆಯಲ್ಲಿ ಹೋಗಿಬರಬಹುದು. ಅಲ್ಲಿ ಚಿಟ್ಟೆಗಳ ಹಿಂದೆ ಕ್ಯಾಮೆರಾ ಹಿಡಿದು ಓಡುವುದಕ್ಕಿಂತ ಎಲೆಗಳ ಅಡಿಭಾಗವನ್ನು ತಾಳ್ಮೆಯಿಂದ ನೋಡಿದರೆ ಹೆಚ್ಚು ತಿಳಿಯುತ್ತದೆ.

ಮೊದಲ ವರ್ಷ ಕಳೆದ ಮೇಲೆ

ಬೇಸಿಗೆಯಲ್ಲಿ ಬೆಳಗಿನ ಹೊತ್ತೇ ಬುಡಕ್ಕೆ ನೀರು ಕೊಡಿ, ಎಲೆಗಳ ಮೇಲೆ ರಭಸವಾಗಿ ಹಾಯಿಸಬೇಡಿ. ಜನವರಿ, ಫೆಬ್ರವರಿಯಲ್ಲಿ ಕೇಪಳ, ರತ್ನಗಂಧಿಗಳನ್ನು ಸವರುವ ಮುಂಚೆ ಒಂದೊಂದು ರೆಂಬೆಯನ್ನೂ ತಿರುಗಿಸಿ ನೋಡಿ. ಒಣಗಿದ ಎಲೆಯ ಮುದುಡಿನಂತೆ ಕಾಣುವ ಕೋಶಗಳು ಕಡ್ಡಿಯ ಬಣ್ಣಕ್ಕೇ ತಿರುಗಿರುವುದರಿಂದ ಎಷ್ಟು ನೋಡಿದರೂ ಒಂದೆರಡು ಕಣ್ತಪ್ಪುತ್ತವೆ. ಅದಕ್ಕಾಗಿ ಸವರಿದ ರೆಂಬೆಗಳನ್ನು ಅಂದೇ ಕಸದ ಗಾಡಿಗೆ ಹಾಕದೆ, ಕಾಂಪೌಂಡಿನ ಮೂಲೆಯಲ್ಲಿ ಎರಡು ಮೂರು ವಾರ ಸಡಿಲವಾಗಿ ಒರಗಿಸಿಡಿ. ಆ ರಾಶಿಯ ಮೇಲೆ ಬೆಳಗಿನ ಹೊತ್ತು ರೆಕ್ಕೆ ಮುದುಡಿಕೊಂಡ ಚಿಟ್ಟೆಯೊಂದು ನೇತಾಡುತ್ತಿದ್ದರೆ ಮುಟ್ಟಬೇಡಿ. ರೆಕ್ಕೆಗಳು ಪೂರ್ತಿ ಬಿಡಿಸಿಕೊಂಡು ಒಣಗಲು ಅದಕ್ಕೆ ಒಂದೆರಡು ಗಂಟೆ ಬೇಕು.